ತಾಳೆ ನೋಡೋದನ್ನ ಯಂತ್ರಕ್ಕೆ ಕಲಿಸಿದವರು: ಹಾನ್ಸ್ ಪೀಟರ್ ಲೂನ್

ಈ ಸಂಚಿಕೆಯ ವ್ಯಕ್ತಿ ಪರಿಚಯಕ್ಕೆ ಮೊದಲು ನಮ್ಮ ಹಾಸ್ಟೆಲ್ಲಿನ ಒಂದು ಕಥೆ ಹೇಳಿಬಿಡ್ತೀವಿ. ಅದನ್ನ ಹೇಳದೇ ಇದ್ರೆ, 1964ರಲ್ಲೇ ತೀರಿಹೋದ ಜರ್ಮನ್ ಮೂಲದ ಎಂಜಿನಿಯರ್ ಒಬ್ಬರ ಬಗ್ಗೆ ನಾವ್ಯಾಕೆ ಇಷ್ಟುದ್ದ ಬರೀತಿದೀವಿ ಅನ್ನೋದು ನಿಮಗೆ ಗೊತ್ತಾಗೋದಿಲ್ಲ.

ಆಗ ನಾವು ಮೂರನೇ ಸೆಮಿಸ್ಟರ್. ಹಾಸ್ಟೆಲ್ ಲ್ಯಾನ್‌ನಲ್ಲಿ ಡಿಸಿ ಪ್ಲಸ್ ಪ್ಲಸ್ ಹಬ್ ಓಡ್ತಾ ಇತ್ತು. ಸಿನಿಮಾ, ಹಾಡು, ಹಳೇ ಪ್ರಶ್ನೆಪತ್ರಿಕೆ, ಸೀನಿಯರ್‌ಗಳ ಲ್ಯಾಬ್ ರೆಕಾರ್ಡ್, ಎಲ್ಲಾ ಒಬ್ಬರ ಲ್ಯಾಪ್‌ಟಾಪಿನಿಂದ ಇನ್ನೊಬ್ಬರ ಲ್ಯಾಪ್‌ಟಾಪಿಗೆ ನೇರವಾಗಿ ಹೋಗೋದು. ಎರಡನೇ ಇಂಟರ್ನಲ್ಸ್ ಹತ್ರ ಬಂದಾಗ ಒಂದು ಫೋಟೋ ಸಿಕ್ತು. ಡಿಪಾರ್ಟ್‌ಮೆಂಟ್ ನೋಟಿಸ್ ಬೋರ್ಡಿನ ವೇಳಾಪಟ್ಟಿ. ಸೋಮವಾರ ಡೇಟಾ ಸ್ಟ್ರಕ್ಚರ್ಸ್, ಮಂಗಳವಾರ ಗಣಿತ ಅಂತ ಇತ್ತು. ನಮ್ಮಲ್ಲೊಬ್ಬನಿಗೆ ಅನುಮಾನ ಬಂತು. ಹಬ್‌ನಲ್ಲಿ ಹುಡುಕಿ ನೋಡಿದ್ವಿ. ಒಂಬತ್ತು ಜನರ ಹತ್ರ ಅದೇ ಫೋಟೋ ಇತ್ತು. ಹೆಸರು ಬೇರೆ ಬೇರೆ ಕೊಟ್ಟಿದ್ರೂ ಅದರ ಹ್ಯಾಶ್, ಅಂದ್ರೆ ಫೈಲಿನ ಒಳಗಿರೋದನ್ನೆಲ್ಲ ಲೆಕ್ಕ ಹಾಕಿ ತೆಗೆದ 39 ಅಕ್ಷರದ ಗುರುತು, ಎಲ್ಲರದ್ದೂ ಒಂದೇ. ಒಂಬತ್ತು ಜನರದ್ದು ತಾಳೆಯಾಯ್ತಲ್ಲ, ಇನ್ನೇನು ಬೇಕು ಅಂತ ಭಾನುವಾರ ರಾತ್ರಿಯಿಡೀ ಡೇಟಾ ಸ್ಟ್ರಕ್ಚರ್ಸ್ ಓದಿದ್ವಿ. ತಮಾಷೆ ಏನಂದ್ರೆ, ಹ್ಯಾಶಿಂಗ್ ಅನ್ನೋ ಅಧ್ಯಾಯವನ್ನೇ ಎರಡೆರಡು ಸಲ ಓದಿದ್ದು.

ಸೋಮವಾರ ಬಂದದ್ದು ಗಣಿತ. ಯಾರೋ ಪುಣ್ಯಾತ್ಮ ಹಿಂದಿನ ವರ್ಷದ ಫೋಟೋ ತಗೊಂಡು ತಾರೀಕು ತಿದ್ದಿದ್ದ. ನಾವು ಹೇಗೋ ಪಾರಾದ್ವಿ. ನಮ್ಮ ರೂಮಿನ ಒಬ್ಬನಿಗೆ ಮಾತ್ರ ಕನಿಷ್ಠ ಅಂಕ ಬರದೆ ಆ ವಿಷಯವನ್ನ ಮುಂದಿನ ವರ್ಷ ಮತ್ತೆ ಓದಬೇಕಾಯ್ತು. ಫೋಟೋವನ್ನ ಅವನಿಗೆ ತೋರಿಸಿ, ಹ್ಯಾಶ್ ಸರಿಯಾಗಿದೆ ಕಣೋ ಅಂದಿದ್ದು ನಾವೇ. ಆ ಮಾತು ಇವತ್ತಿಗೂ ಚುಚ್ಚುತ್ತೆ.

ಹಾಗಾದ್ರೆ ಹ್ಯಾಶ್ ಅನ್ನೋದು ಏನನ್ನ ಖಾತ್ರಿ ಮಾಡುತ್ತೆ, ಏನನ್ನ ಮಾಡೋದಿಲ್ಲ? ಇದನ್ನ ಹುಡುಕ್ತಾ ಹೋದಾಗ ನಮಗೆ ಸಿಕ್ಕವರು ಹಾನ್ಸ್ ಪೀಟರ್ ಲೂನ್. ನಿಮ್ಮ ಜೇಬಿನಲ್ಲಿರೋ ಡೆಬಿಟ್ ಕಾರ್ಡಿನ ಕೊನೆ ಅಂಕಿ ಅವರ ಲೆಕ್ಕ. ಫೋನಿನ ಐಎಂಇಐ ಸಂಖ್ಯೆಯ ಕೊನೆ ಅಂಕಿಯೂ ಅವರದ್ದೇ. ಹೆಸರನ್ನ ಸಿಲಬಸ್‌ನಲ್ಲಿ ಓದಿರ್ತೀವಿ, ಮನುಷ್ಯನ ಬಗ್ಗೆ ಮಾತ್ರ ಯಾರೂ ಹೇಳಿರೋದಿಲ್ಲ.

ಬಟ್ಟೆಯ ಎಳೆ ಎಣಿಸಿದ ಹುಡುಗ

ಲೂನ್ ಹುಟ್ಟಿದ್ದು 1896ರ ಜುಲೈ 1ರಂದು, ಜರ್ಮನಿಯ ಬಾರ್ಮೆನ್ ಊರಲ್ಲಿ. ಆ ಊರು ಈಗ ವುಪ್ಪರ್ಟಾಲ್ ನಗರದ ಭಾಗ. ಬಟ್ಟೆ, ನೂಲು, ಬಣ್ಣದ ಕಾರ್ಖಾನೆಗಳಿಗೆ ಹೆಸರಾಗಿದ್ದ ಪ್ರದೇಶ ಅದು. ಅಪ್ಪ ಮುದ್ರಣದ ಕೆಲಸದಲ್ಲಿ ಪಳಗಿದವರು. ಮಗನೂ ಅದೇ ದಾರಿ ಹಿಡೀಲಿ ಅಂತ ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್‌ಗೆ ಕಲಿಯೋಕೆ ಕಳಿಸಿದ್ರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಲೂನ್ ಜರ್ಮನ್ ಸೈನ್ಯದಲ್ಲಿ ಸಂಪರ್ಕ ವಿಭಾಗದ ಅಧಿಕಾರಿಯಾಗಿ ದುಡಿದ್ರು. ಯುದ್ಧ ಮುಗಿದ ಮೇಲೆ ಮುದ್ರಣ ಬಿಟ್ಟು ಬಟ್ಟೆ ಉದ್ಯಮಕ್ಕೆ ಕಾಲಿಟ್ರು. 1920ರ ದಶಕದಲ್ಲಿ ಆ ಕೆಲಸವೇ ಅವರನ್ನ ಅಮೆರಿಕಕ್ಕೆ ಕರ್ಕೊಂಡು ಹೋಯ್ತು.

ಸೀರೆ ಅಂಗಡಿಯಲ್ಲಿ ಅಮ್ಮ ಏನ್ ಮಾಡ್ತಾರೆ ಅಂತ ನೆನಪು ಮಾಡ್ಕೊಳ್ಳಿ. ಅಂಗಡಿಯವರು ಎಷ್ಟೇ ಹೊಗಳಲಿ, ಸೆರಗನ್ನ ಬೆಳಕಿಗೆ ಹಿಡಿದು ನೇಯ್ಗೆ ಎಷ್ಟು ಒತ್ತಾಗಿದೆ ಅಂತ ತಾವೇ ನೋಡ್ತಾರೆ. ಬಟ್ಟೆ ವ್ಯಾಪಾರದಲ್ಲಿ ಒಂದು ಇಂಚಿಗೆ ಎಷ್ಟು ಎಳೆ ಇದೆ ಅನ್ನೋದರ ಮೇಲೆ ಬೆಲೆ ನಿಲ್ಲುತ್ತೆ. ಆಗೆಲ್ಲ ಭೂತಗನ್ನಡಿ ಇಟ್ಕೊಂಡು ಒಂದೊಂದೇ ಎಳೆ ಎಣಿಸಬೇಕಿತ್ತು. ಲೂನ್ ಇದಕ್ಕೊಂದು ಸುಲಭದ ದಾರಿ ಹುಡುಕಿದ್ರು. ಒಂದು ಪಾರದರ್ಶಕ ಪಟ್ಟಿ, ಅದರ ಮೇಲೆ ಲೆಕ್ಕ ಹಾಕಿ ಎಳೆದ ಸಣ್ಣ ಗೆರೆಗಳು. ಅದನ್ನ ಬಟ್ಟೆ ಮೇಲಿಟ್ರೆ ಗೆರೆಗಳೂ ಎಳೆಗಳೂ ಒಂದರ ಮೇಲೊಂದು ಬಿದ್ದು ಅಲೆಯಂಥ ಒಂದು ಚಿತ್ತಾರ ಮೂಡುತ್ತೆ. ಚಿತ್ತಾರ ಪಟ್ಟಿಯ ಯಾವ ಸಂಖ್ಯೆ ಹತ್ರ ನಿಲ್ಲುತ್ತೋ ಅಷ್ಟು ಎಳೆ ಅಂತ ಅರ್ಥ. ಲೂನೋಮೀಟರ್ ಅಂತ ಅದಕ್ಕೆ ಹೆಸರು. ಮಾರೋನ ಮಾತು ನಂಬಬೇಕಿಲ್ಲ, ಬಟ್ಟೆಯೇ ತನ್ನ ಲೆಕ್ಕ ಹೇಳುತ್ತೆ.

ಈ ಗುಣ ಅವರ ಬದುಕಿನುದ್ದಕ್ಕೂ ಕಾಣುತ್ತೆ. ವಸ್ತುವಿನ ಬಗ್ಗೆ ಯಾರು ಏನಂದ್ರು ಅನ್ನೋದನ್ನ ಬದಿಗಿಟ್ಟು, ವಸ್ತುವಿನಿಂದಲೇ ಒಂದು ಸಂಖ್ಯೆ ತೆಗೆದು, ಆ ಸಂಖ್ಯೆಯನ್ನ ಕೆಲಸಕ್ಕೆ ಹಚ್ಚೋದು. ಮುಂದೆ ಅವರು ಸ್ವಂತ ಸಲಹಾ ಕಂಪನಿ ಶುರು ಮಾಡಿದ್ರು. ಮಡಚಿಡಬಹುದಾದ ರೇನ್‌ಕೋಟಿನಿಂದ ಹಿಡಿದು, ಮನೇಲಿರೋ ಪದಾರ್ಥಗಳಿಂದ ಯಾವ ಯಾವ ಪಾನೀಯ ಬೆರೆಸಬಹುದು ಅಂತ ತೋರಿಸೋ ಫಲಕದವರೆಗೆ ಏನೇನೋ ಕಂಡುಹಿಡಿದ್ರು. ಕೊನೆಗೆ ಅವರ ಹೆಸರಲ್ಲಿ 80ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ವು.

ಕೊನೆಯ ಒಂದು ಅಂಕಿ

1941ರಲ್ಲಿ ಲೂನ್ ಐಬಿಎಂ ಸೇರಿದ್ರು. ಆಗ ವಯಸ್ಸು 45. ನಮ್ಮಲ್ಲಿ ಇಪ್ಪತ್ತೈದಕ್ಕೇ ಜೀವನ ಮುಗೀತು ಅಂತ ಅಳೋರು ಇದನ್ನ ಗಮನಿಸಬೇಕು. ಕಂಪ್ಯೂಟರ್ ಅನ್ನೋ ಯಂತ್ರ ಇನ್ನೂ ಸರಿಯಾಗಿ ಹುಟ್ಟಿರಲಿಲ್ಲ. ಇದ್ದದ್ದೆಲ್ಲ ತೂತು ಹೊಡೆದ ಕಾರ್ಡುಗಳು, ಅವನ್ನ ವಿಂಗಡಿಸೋ ಯಂತ್ರಗಳು. ಯುದ್ಧ ಮುಗಿದ ಮೇಲೆ ಜೇಮ್ಸ್ ಪೆರಿ, ಮಾಲ್ಕಮ್ ಡೈಸನ್ ಅನ್ನೋ ಇಬ್ಬರು ರಸಾಯನಶಾಸ್ತ್ರಜ್ಞರು ಐಬಿಎಂ ಬಾಗಿಲಿಗೆ ಬಂದ್ರು. ಗೊತ್ತಿರೋ ರಾಸಾಯನಿಕಗಳ ಪಟ್ಟಿ ಬೆಳೀತಾನೇ ಇದೆ, ಅದರಲ್ಲಿ ಬೇಕಾದ್ದನ್ನ ಹುಡುಕೋಕೆ ಯಂತ್ರ ಬೇಕು ಅನ್ನೋದು ಅವರ ಬೇಡಿಕೆ. ಲೂನ್ ಅದಕ್ಕಾಗಿ ಬೆಳಕಿನಿಂದ ಕಾರ್ಡು ಓದೋ ಒಂದು ಯಂತ್ರ ಕಟ್ಟಿದ್ರು. ಅಲ್ಲಿಂದ ಮುಂದೆ ಮಾಹಿತಿಯೇ ಅವರ ಬಟ್ಟೆಯಾಯ್ತು.

ಆ ಕಾಲದಲ್ಲಿ ಸಂಖ್ಯೆಗಳು ಎಲ್ಲಾ ಕಡೆ ಓಡಾಡೋಕೆ ಶುರುವಾಗಿದ್ವು. ಖಾತೆ ಸಂಖ್ಯೆ, ಬಿಲ್ ಸಂಖ್ಯೆ, ಬಿಡಿಭಾಗದ ಸಂಖ್ಯೆ. ಒಬ್ಬರು ಫೋನಲ್ಲಿ ಓದ್ತಾರೆ, ಇನ್ನೊಬ್ಬರು ಬರ್ಕೊಳ್ತಾರೆ, ಮೂರನೆಯವರು ಟೈಪ್ ಮಾಡ್ತಾರೆ. ಕೈ ತಪ್ಪಿ 6ರ ಜಾಗದಲ್ಲಿ 8 ಬೀಳುತ್ತೆ, ಇಲ್ಲವೇ 67 ಹೋಗಿ 76 ಆಗುತ್ತೆ. ತಪ್ಪಾಗಿದೆ ಅಂತ ಆ ಸಂಖ್ಯೆಗೇ ಗೊತ್ತಾಗೋ ಹಾಗಿದ್ರೆ? 1954ರ ಜನವರಿಯಲ್ಲಿ ಲೂನ್ ಇದಕ್ಕೊಂದು ಪೇಟೆಂಟ್ ಅರ್ಜಿ ಹಾಕಿದ್ರು. ಅದು ಸಿಕ್ಕಿದ್ದು 1960ರ ಆಗಸ್ಟ್‌ನಲ್ಲಿ. ನಾವು ಕೋಡ್ ಬರೆದು ಮುಗಿಸೋ ಈ ಲೆಕ್ಕಕ್ಕೆ ಅವರು ಮಾಡಿದ್ದು ಕೈಯಲ್ಲಿ ಹಿಡಿಯೋ, ಚಕ್ರಗಳಿರೋ ಒಂದು ಸಣ್ಣ ಯಂತ್ರ.

ಲೆಕ್ಕ ಸುಲಭ. 45672 ಅನ್ನೋ ಸಂಖ್ಯೆ ತಗೊಳ್ಳಿ. ಬಲಗಡೆಯಿಂದ ಶುರು ಮಾಡಿ ಒಂದು ಬಿಟ್ಟು ಒಂದು ಅಂಕಿಯನ್ನ ಎರಡರಿಂದ ಗುಣಿಸಿ. ಉತ್ತರ ಎರಡಂಕಿ ಬಂದ್ರೆ ಆ ಎರಡನ್ನೂ ಕೂಡಿಸಿ ಒಂದಂಕಿ ಮಾಡಿ. ಬಲದಿಂದ 2 ಹೋಗಿ 4 ಆಯ್ತು. 7 ಹಾಗೇ ಇರಲಿ. 6 ಹೋಗಿ 12, ಅಂದ್ರೆ 3. 5 ಹಾಗೇ. 4 ಹೋಗಿ 8. ಎಲ್ಲಾ ಕೂಡಿಸಿದ್ರೆ 27. ಹತ್ತರ ಮಗ್ಗಿಗೆ ಮುಟ್ಟೋಕೆ ಇನ್ನು 3 ಬೇಕು. ಆ 3 ಅನ್ನ ಕೊನೆಗೆ ಅಂಟಿಸಿ. ಈಗ ಸಂಖ್ಯೆ 456723. ಯಾರಾದ್ರೂ ತಪ್ಪಿ 457623 ಅಂತ ಬರೆದ್ರೆ ಮೊದಲ ಐದು ಅಂಕಿಯ ಮೊತ್ತ 28 ಆಗಿ, ಕೊನೆಗೆ 2 ಇರಬೇಕಿತ್ತು ಅಂತ ಬರುತ್ತೆ. ಸಿಕ್ಕಿಬಿತ್ತು. ಒಂದೇ ಒಂದು ಅಂಕಿ ತಪ್ಪಾದ್ರೆ ಈ ಲೆಕ್ಕ ಯಾವತ್ತೂ ಹಿಡಿಯುತ್ತೆ. ಪಕ್ಕಪಕ್ಕದ ಅಂಕಿ ಅದಲುಬದಲಾದ್ರೂ ಹಿಡಿಯುತ್ತೆ, 09 ಹೋಗಿ 90 ಆಗೋದು ಅಥವಾ 90 ಹೋಗಿ 09 ಆಗೋದು ಮಾತ್ರ ಅದರ ಕಣ್ಣು ತಪ್ಪಿಸುತ್ತೆ. ನಂಬಿಕೆ ಇಲ್ದಿದ್ರೆ ಪೆನ್ನು ಹಿಡ್ಕೊಂಡು ಕೂತು ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಹಾಸ್ಟೆಲ್ ಕಥೆಗೂ ಅದಕ್ಕೂ ನೇರ ಸಂಬಂಧ. ಈ ಕೊನೆಯ ಅಂಕಿ ಕೈತಪ್ಪನ್ನ ಹಿಡಿಯುತ್ತೆ, ಕಳ್ಳನನ್ನಲ್ಲ. ಬೇಕಂತಲೇ ಸಂಖ್ಯೆ ಬದಲಿಸೋನು ಕೊನೆಯ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಿ ಅಂಟಿಸಬಹುದಲ್ಲ. ಲೆಕ್ಕದ ನಿಯಮ ಎಲ್ಲರಿಗೂ ಗೊತ್ತು, ಅಂಕಿ ಸಂಖ್ಯೆಯ ಜೊತೆಗೇ ಪ್ರಯಾಣ ಮಾಡುತ್ತೆ. ಲೂನ್ ಅದನ್ನ ಮಾಡಿದ್ದೇ ಗುಮಾಸ್ತರ ತಪ್ಪು ಹಿಡಿಯೋಕೆ. ಆ ಕೆಲಸಕ್ಕೆ ಅದು ಇವತ್ತಿಗೂ ಪೂರ್ತಿ ಸಾಕು.

ಡಬ್ಬಿಗಳ ಉಪಾಯ

ಈ ಪೇಟೆಂಟಿಗೆ ಒಂದು ವರ್ಷ ಮುಂಚೆ, 1953ರ ಜನವರಿಯಲ್ಲಿ, ಲೂನ್ ಐಬಿಎಂ ಒಳಗೇ ಓಡಾಡೋ ಒಂದು ಟಿಪ್ಪಣಿ ಬರೆದ್ರು. ಹೊರಗೆ ಯಾರಿಗೂ ಗೊತ್ತಾಗದ ಆ ಟಿಪ್ಪಣಿಯಲ್ಲೇ ಹ್ಯಾಶಿಂಗ್ ಹುಟ್ಟಿದ್ದು ಅಂತ ಡೊನಾಲ್ಡ್ ಕ್ನೂತ್ ತಮ್ಮ ಪ್ರಸಿದ್ಧ ಪುಸ್ತಕಮಾಲೆಯಲ್ಲಿ ಗುರುತಿಸಿದ್ದಾರೆ.

ಅಡುಗೆಮನೆಯ ಡಬ್ಬಿಗಳನ್ನ ನೆನೆಸಿಕೊಂಡ್ರೆ ಇದು ಬೇಗ ಅರ್ಥ ಆಗುತ್ತೆ. ಸಾವಿರ ಸಾಮಾನು ಒಂದೇ ಸಾಲಲ್ಲಿ ಇಟ್ರೆ ಜೀರಿಗೆ ಹುಡುಕೋಕೆ ಅರ್ಧ ದಿನ ಬೇಕು. ಅದರ ಬದಲು ಸಾಮಾನಿನಿಂದಲೇ ಒಂದು ಲೆಕ್ಕ ಮಾಡಿ ಡಬ್ಬಿಯ ನಂಬರು ತೆಗೆದ್ರೆ? ಉದಾಹರಣೆಗೆ 238541 ಅನ್ನೋ ಸಂಖ್ಯೆ ಇದೆ. ಎರಡೆರಡು ಅಂಕಿ ಕೂಡಿಸ್ತಾ ಹೋಗಿ. 2 ಮತ್ತು 3 ಸೇರಿ 5. 8 ಮತ್ತು 5 ಸೇರಿ 13, ಹತ್ತು ಬಿಟ್ರೆ 3. 4 ಮತ್ತು 1 ಸೇರಿ 5. ಡಬ್ಬಿ ಸಂಖ್ಯೆ 535. ಇಡುವಾಗಲೂ ಇದೇ ಲೆಕ್ಕ, ಹುಡುಕುವಾಗಲೂ ಇದೇ ಲೆಕ್ಕ. ಉಳಿದ ಡಬ್ಬಿಗಳನ್ನ ಮುಟ್ಟೋದೇ ಬೇಡ.

ಎರಡು ಬೇರೆ ಸಂಖ್ಯೆಗಳಿಗೆ ಒಂದೇ ಡಬ್ಬಿ ಬಂದ್ರೆ? ಅದನ್ನೂ ಅವರು ಯೋಚಿಸಿದ್ರು. ಅಂಥವನ್ನ ಒಂದೇ ಡಬ್ಬಿಯಲ್ಲಿ ಸರಪಳಿ ಥರ ಒಂದರ ಹಿಂದೆ ಒಂದು ಕಟ್ಟಿಡೋದು. ಡೇಟಾ ಸ್ಟ್ರಕ್ಚರ್ಸ್ ಪರೀಕ್ಷೆಯಲ್ಲಿ ಚೈನಿಂಗ್ ಅಂತ ಐದು ಅಂಕಕ್ಕೆ ಬರೀತೀವಲ್ಲ, ಅದೇ ಇದು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಐಬಿಎಂನಲ್ಲೇ ಜೀನ್ ಆಮ್‌ಡಾಲ್ ಮತ್ತು ಜೊತೆಗಾರರೂ ತಮ್ಮ ಪಾಡಿಗೆ ಇಂಥದ್ದೇ ಇನ್ನೊಂದು ದಾರಿ ಕಂಡುಕೊಂಡ್ರು. ಹೊರಜಗತ್ತಿಗೆ ಈ ವಿಷಯ ಅಚ್ಚಿನಲ್ಲಿ ಬಂದದ್ದು 1956ರಲ್ಲಿ, ಆರ್ನಾಲ್ಡ್ ಡ್ಯೂಮಿ ಅನ್ನೋರ ಲೇಖನದಿಂದ. ಹ್ಯಾಶ್ ಅನ್ನೋ ಹೆಸರು ಅಂಟಿಕೊಂಡಿದ್ದು ಅದಕ್ಕೂ ಆಮೇಲೆ.

ಒಂದು ಮಾತು ಸ್ಪಷ್ಟ ಮಾಡಬೇಕು. ಲೂನ್‌ಗೆ ಹ್ಯಾಶ್ ಬೇಕಾಗಿದ್ದು ಬೇಗ ಹುಡುಕೋಕೆ. ಅಸಲಿಯೋ ನಕಲಿಯೋ ಅಂತ ಪರೀಕ್ಷೆ ಮಾಡೋಕೆ ಅಲ್ಲ. ಆದ್ರೆ ಕೊನೆಯ ಅಂಕಿ ಒಂದು ಕಡೆ, ಡಬ್ಬಿಯ ನಂಬರು ಇನ್ನೊಂದು ಕಡೆ, ಎರಡರ ಬೇರೂ ಒಂದೇ. ಉದ್ದದ ಒಂದು ವಿಷಯವನ್ನ ಲೆಕ್ಕ ಹಾಕಿ ಪುಟ್ಟ ಗುರುತಾಗಿ ಇಳಿಸೋದು. ಮುಂದೆ ಬಂದವರು ಈ ಎರಡು ಎಳೆಯನ್ನೂ ಸೇರಿಸಿ ನೇಯ್ದ್ರು.

ಅರ್ಥ ಗೊತ್ತಿಲ್ಲದ ಓದುಗ

ಲೂನ್ ಅಲ್ಲಿಗೇ ನಿಲ್ಲಲಿಲ್ಲ. ಸಂಖ್ಯೆ ಆಯ್ತು, ಇನ್ನು ಪದಗಳ ಸರದಿ. 1958ರಲ್ಲಿ ಐಬಿಎಂ ಜರ್ನಲ್‌ನಲ್ಲಿ ಅವರು ಬರೆದ ಒಂದು ಲೇಖನ ಯಂತ್ರವೇ ಪ್ರಬಂಧಗಳ ಸಾರಾಂಶ ತೆಗೆಯೋದರ ಬಗ್ಗೆ. ಉಪಾಯ ಇಷ್ಟೇ: ಎಲ್ಲಾ ಕಡೆ ಬರೋ ಸಾಮಾನ್ಯ ಪದಗಳನ್ನ ಬಿಟ್ಟು, ಉಳಿದವುಗಳಲ್ಲಿ ಯಾವುದು ಮತ್ತೆ ಮತ್ತೆ ಬರುತ್ತೆ ಅಂತ ಎಣಿಸೋದು. ಅಂಥ ಪದಗಳು ಒತ್ತಾಗಿರೋ ವಾಕ್ಯಗಳನ್ನ ಆರಿಸಿ ಜೋಡಿಸೋದು. ಅದೇ ವರ್ಷ ವಾಷಿಂಗ್ಟನ್ನಿನ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಅವರ ಕೆಲಸ ನೋಡಿದವರು ಬೆರಗಾದ್ರು. ಲೇಖನದ ಶೀರ್ಷಿಕೆಯ ಪ್ರತಿ ಮುಖ್ಯ ಪದವನ್ನೂ ಅದರ ಅಕ್ಕಪಕ್ಕದ ಪದಗಳ ಜೊತೆಗೇ ಅಕಾರಾದಿಯಲ್ಲಿ ಜೋಡಿಸೋ ಕ್ವಿಕ್ ಅನ್ನೋ ಸೂಚಿಯೂ ಅವರದ್ದೇ. ರಸಾಯನಶಾಸ್ತ್ರದ ಹೊಸ ಲೇಖನಗಳ ಪಟ್ಟಿಯನ್ನ 1960ರ ದಶಕದ ಆರಂಭದಲ್ಲಿ ಇದೇ ಕ್ರಮದಲ್ಲಿ ಅಚ್ಚು ಹಾಕೋಕೆ ಶುರು ಮಾಡಿದ್ರು. ಯಾವ ವಿಜ್ಞಾನಿಗೆ ಏನು ಆಸಕ್ತಿ ಅಂತ ಗುರುತಿಟ್ಟುಕೊಂಡು, ಅಷ್ಟನ್ನೇ ಅವರಿಗೆ ಕಳಿಸೋ ವ್ಯವಸ್ಥೆಯನ್ನೂ ಅವರು ರೂಪಿಸಿದ್ರು. ಇವತ್ತಿನ ಫೀಡ್‌ಗಳ ಮುತ್ತಜ್ಜ ಅನ್ನಬಹುದು.

ಇದರಲ್ಲೆಲ್ಲ ಒಂದು ಸಾಮಾನ್ಯ ಅಂಶ ಇದೆ. ಲೂನ್ ಯಂತ್ರಕ್ಕೆ ಅರ್ಥ ಮಾಡ್ಕೊಳ್ಳೋದನ್ನ ಕಲಿಸಲಿಲ್ಲ. ಎಣಿಸೋದನ್ನ ಕಲಿಸಿದ್ರು, ತಾಳೆ ನೋಡೋದನ್ನ ಕಲಿಸಿದ್ರು. ಅರ್ಥ ಗೊತ್ತಿಲ್ಲದಿದ್ರೂ ಎಣಿಕೆಯೊಂದರಿಂದಲೇ ಎಷ್ಟು ದೂರ ಹೋಗಬಹುದು ಅನ್ನೋದನ್ನ ತೋರಿಸಿದ್ರು. ಆ ದೂರ ಬಹಳ ದೊಡ್ಡದು. ಆದ್ರೂ ಅದಕ್ಕೊಂದು ಗಡಿ ಇದೆ.

1961ರಲ್ಲಿ ಅವರು ಐಬಿಎಂನಿಂದ ನಿವೃತ್ತರಾದ್ರು. 1964ರ ಆಗಸ್ಟ್ 19ರಂದು ತೀರಿಕೊಂಡ್ರು. ವಯಸ್ಸು 68. ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದ್ದಕ್ಕೆ ಫೈಲ್ ಹೋಗೋ ಕಾಲವನ್ನ ಅವರು ನೋಡಲೇ ಇಲ್ಲ.

ಟೊರೆಂಟಿನೊಳಗಿನ ಲೂನ್

ಮುಂದಿನದ್ದು ಅವರ ವಾರಸುದಾರರ ಕಥೆ. 1979ರಲ್ಲಿ ರಾಲ್ಫ್ ಮರ್ಕಲ್ ಹ್ಯಾಶ್‌ಗಳನ್ನ ಮರದ ಥರ ಜೋಡಿಸೋ ದಾರಿ ತೋರಿಸಿದ್ರು. ತುಂಡುಗಳ ಹ್ಯಾಶ್, ಆ ಹ್ಯಾಶ್‌ಗಳ ಜೋಡಿಯ ಹ್ಯಾಶ್, ಹೀಗೆ ಮೇಲೇರಿ ಕೊನೆಗೆ ಒಂದೇ ಒಂದು ಗುರುತು. ನಮ್ಮ ಹಾಸ್ಟೆಲ್ ಹಬ್‌ನ 39 ಅಕ್ಷರ ಅಂದ್ರೆ ಅದೇ ಮರದ ತುದಿ. ಇವು ಲೂನ್ ಮಾಡಿದಂಥ ಸುಲಭದ ಕೂಡುವ ಲೆಕ್ಕಗಳಲ್ಲ. ಒಂದು ಬಿಟ್ ಬದಲಾದ್ರೂ ಗುರುತು ಪೂರ್ತಿ ಬದಲಾಗುತ್ತೆ, ಬೇಕಂತಲೇ ಅದೇ ಗುರುತು ಬರೋ ಇನ್ನೊಂದು ಫೈಲ್ ಮಾಡೋದು ಆಗದ ಮಾತಾಗಿರಬೇಕು.

2001ರಲ್ಲಿ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ತಂದಾಗ ಮಾಡಿದ್ದೂ ಇದನ್ನೇ. ಫೈಲನ್ನ ತುಂಡು ಮಾಡಿ, ಪ್ರತಿ ತುಂಡಿಗೂ 20 ಬೈಟಿನ ಎಸ್‌ಎಚ್‌ಎ-1 ಗುರುತನ್ನ ಟೊರೆಂಟ್ ಫೈಲಿನಲ್ಲಿ ಬರೆದಿಡೋದು. ತುಂಡು ಯಾರಿಂದ ಬಂತು ಅಂತ ಕೇಳೋ ಹಾಗೇ ಇಲ್ಲ. ಬಂದ ತಕ್ಷಣ ಲೆಕ್ಕ ಹಾಕು, ತಾಳೆಯಾದ್ರೆ ಇಟ್ಕೋ, ಆಗದಿದ್ರೆ ಬಿಸಾಕಿ ಇನ್ನೊಬ್ಬರ ಹತ್ರ ಕೇಳು. ಮುಖ ಗೊತ್ತಿಲ್ಲದ ನೂರು ಜನರಿಂದ ನೂರು ತುಂಡು ತಗೊಂಡು ಒಂದು ಅಖಂಡ ಫೈಲ್ ಮಾಡಬಹುದು ಅನ್ನೋ ಧೈರ್ಯ ಬರೋದು ಇದರಿಂದಲೇ. ಗುರುತು ಹಳತಾದ್ರೆ ಬದಲಾಯಿಸಬೇಕಾಗುತ್ತೆ ಅನ್ನೋದೂ ನಿಜ. 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಗುರುತಿನ ಎರಡು ಬೇರೆ ಪಿಡಿಎಫ್ ಮಾಡಿ ತೋರಿಸಿದ್ರು. ಬಿಟ್‌ಟೊರೆಂಟಿನ ಎರಡನೇ ಆವೃತ್ತಿಯಲ್ಲಿ ಅದರ ಜಾಗಕ್ಕೆ ಎಸ್‌ಎಚ್‌ಎ-256 ಬಂದಿದೆ.

ಈಗ ನಮ್ಮ ಫೋಟೋಗೆ ವಾಪಸ್ ಬರೋಣ. ಅಲ್ಲಿ ಹ್ಯಾಶ್ ಸುಳ್ಳು ಹೇಳಿರಲಿಲ್ಲ. ಒಂಬತ್ತು ಜನರ ಹತ್ರ ಇರೋದು ಅಕ್ಷರಶಃ ಒಂದೇ ಫೈಲ್ ಅಂತ ಅದು ಹೇಳಿತ್ತು, ಅದು ನಿಜವೇ. ನಾವು ಅದನ್ನ ಒಂಬತ್ತು ಸಾಕ್ಷಿ ಅಂತ ತಿಳ್ಕೊಂಡ್ವಿ. ಅಸಲಿಗೆ ಅದು ಒಂಬತ್ತು ಪ್ರತಿಯಾದ ಒಂದೇ ಸಾಕ್ಷಿ. ಯೋಚನೆ ಮಾಡಿದ್ರೆ, ಒಂಬತ್ತು ಜನ ತಾವೇ ಹೋಗಿ ನೋಟಿಸ್ ಬೋರ್ಡಿನ ಫೋಟೋ ತೆಗೆದಿದ್ರೆ ಒಂಬತ್ತು ಹ್ಯಾಶ್ ಬರಬೇಕಿತ್ತು! ಎಲ್ಲವೂ ಒಂದೇ ಆಗಿದ್ದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ನಾವು ಅದನ್ನೇ ಆಧಾರ ಮಾಡ್ಕೊಂಡ್ವಿ.

ಲಿನಕ್ಸ್ ವಿತರಣೆಗಳನ್ನ ಹಂಚೋರು ಇದನ್ನ ಹೇಗೆ ನಿಭಾಯಿಸ್ತಾರೆ ನೋಡಿ. ಐಎಸ್‌ಒ ಫೈಲನ್ನ ಟೊರೆಂಟಲ್ಲಿ ಯಾರಿಂದ ಬೇಕಾದ್ರೂ ತಗೊಳ್ಳಿ ಅಂತಾರೆ. ತಾಳೆ ನೋಡೋ ಗುರುತನ್ನ ಮಾತ್ರ ತಮ್ಮದೇ ತಾಣದಲ್ಲಿ, ತಮ್ಮ ಡಿಜಿಟಲ್ ಸಹಿ ಹಾಕಿ ಇಡ್ತಾರೆ. ಸಾಮಾನು ಒಂದು ದಾರಿಯಲ್ಲಿ, ಗುರುತು ಇನ್ನೊಂದು ದಾರಿಯಲ್ಲಿ. ಲೂನ್ ಅವರ ಕೊನೆಯ ಅಂಕಿಯಿಂದ ಕಳ್ಳನನ್ನ ಹಿಡಿಯೋಕೆ ಆಗದೇ ಇದ್ದದ್ದು ಎರಡೂ ಒಂದೇ ದಾರಿಯಲ್ಲಿ ಬರ್ತಿದ್ದಿದ್ದಕ್ಕೆ. ನಮ್ಮ ಫೋಟೋದಲ್ಲೂ ಅದೇ ಆಗಿದ್ದು. ಫೋಟೋನೂ ಹಬ್‌ನಿಂದಲೇ, ಹ್ಯಾಶೂ ಹಬ್‌ನಿಂದಲೇ. ಮೂಲ ಇದ್ದದ್ದು ಡಿಪಾರ್ಟ್‌ಮೆಂಟಿನ ಗೋಡೆ ಮೇಲೆ, ಹಾಸ್ಟೆಲ್ಲಿನಿಂದ ಐದು ನಿಮಿಷದ ನಡಿಗೆ. ನಾವು ಯಾರೂ ಹೋಗಲಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನೋ ಗಾದೆ ನಮ್ಮಲ್ಲಿ ಹಳೇದು. ಅದರಲ್ಲಿ ಅರ್ಧ ಕೆಲಸವನ್ನ ಲೂನ್ ಮತ್ತು ಅವರ ನಂತರ ಬಂದವರು ಯಂತ್ರಕ್ಕೆ ಒಪ್ಪಿಸಿಕೊಟ್ರು. ಬದಲಾಗಿದೆಯೋ ಇಲ್ಲವೋ ಅನ್ನೋದನ್ನ ಅದು ಕ್ಷಣದಲ್ಲಿ ಹೇಳುತ್ತೆ. ಮೊದಲು ಹೇಳಿದ್ದು ಯಾರು, ಅವರಿಗೆ ಹೇಳೋ ಹಕ್ಕಿತ್ತಾ ಅನ್ನೋ ಉಳಿದರ್ಧ ನಮ್ಮ ಕೆಲಸವಾಗೇ ಉಳಿದಿದೆ.

ನಮ್ಮ ರೂಮ್‌ಮೇಟ್ ಮುಂದಿನ ವರ್ಷ ಗಣಿತ ಪಾಸು ಮಾಡಿದ, ಒಳ್ಳೆ ಅಂಕ ತಗೊಂಡ. ಆ ಸಲ ವೇಳಾಪಟ್ಟಿ ಬಂದ ದಿನ ಅವನು ಯಾರನ್ನೂ ಕೇಳಲಿಲ್ಲ, ಲ್ಯಾಪ್‌ಟಾಪನ್ನೂ ತೆಗೀಲಿಲ್ಲ. ಚಪ್ಪಲಿ ಮೆಟ್ಕೊಂಡು ಡಿಪಾರ್ಟ್‌ಮೆಂಟಿಗೆ ನಡೆದ. ನಾವೂ ಅವನ ಹಿಂದೆ ಹೋದ್ವಿ.